ಫುಟ್‌ಬಾಲ್ ಆಟಗಾರರ ಮದ್ದು, ನಮ್ಮ ಮನೆಯ ಮಾತ್ರೆ ಡಬ್ಬಿ

ತಂಬ್ರಹಳ್ಳಿಯಲ್ಲಿ ಅಸರ್ ನಮಾಜ್ ಮುಗಿದ ಮೇಲೆ ಹುಡುಗರು ಚೆಂಡು ಹಿಡಿದು ಬಯಲಿಗೆ ಹೊರಡುತ್ತಾರೆ. ಮಗ್ರಿಬ್ ಅಜಾನ್ ಕೇಳುವವರೆಗೂ ಮನೆ ಕಡೆ ಮುಖ ಹಾಕುವುದಿಲ್ಲ. ಆಡಲಿ, ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವುದಕ್ಕಿಂತ ಅದು ಸಾವಿರ ಪಾಲು ಮೇಲು. ಕಳೆದ ಬಾರಿ ಊರಿಗೆ ಹೋದಾಗ ಪಕ್ಕದ ಮನೆಯ ಆಪಾ ಒಬ್ಬರು ನನ್ನನ್ನು ಕರೆದು ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಕಾಗದದಲ್ಲಿ ಸುತ್ತಿದ ಹತ್ತು ಬಿಳಿ ಮಾತ್ರೆ ತೋರಿಸಿದರು. "ಮಗ ತಂದಿಟ್ಟಿದ್ದಾನೆ. ಕೇಳಿದರೆ, ದೊಡ್ಡ ದೊಡ್ಡ ಫುಟ್‌ಬಾಲ್ ಪ್ಲೇಯರ್‌ಗಳೇ ತಗೋತಾರೆ ಅಮ್ಮೀ, ನಿಂಗೇನ್ ಗೊತ್ತು ಅಂತಾನೆ. ಇದು ಏನು, ಸ್ವಲ್ಪ ನೋಡಿ ಹೇಳಿ" ಎಂದರು.

ಡಬ್ಬಿಯ ಮೇಲೆ ಉಬ್ಬಿದ ತೋಳಿನ ಚಿತ್ರವಿತ್ತು, ತಯಾರಿಸಿದವರ ವಿಳಾಸ ಇರಲಿಲ್ಲ. ಮಾತ್ರೆಗಳ ಮೇಲೆ ಹೆಸರೇ ಇರಲಿಲ್ಲ. ಹಾಗಾಗಿ ಆಪಾಗೆ ಆ ಹೊತ್ತು ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಹುಡುಗನ ಮಾತಿನಿಂದಲೇ ಶುರು ಮಾಡೋಣ. ದೊಡ್ಡ ಆಟಗಾರರು ನಿಜವಾಗಿಯೂ ತೆಗೆದುಕೊಳ್ಳುತ್ತಾರೆಯೇ?

ಕೆಲವರು ತೆಗೆದುಕೊಂಡು ಸಿಕ್ಕಿಬಿದ್ದಿದ್ದಾರೆ. 1994ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಮರಡೋನಾ ಎಫೆಡ್ರಿನ್ ಎಂಬ ಉತ್ತೇಜಕದ ಕಾರಣಕ್ಕೆ ನಡುವೆಯೇ ಮನೆಗೆ ಹೋಗಬೇಕಾಯಿತು. ಆದರೆ ಇತ್ತೀಚಿನ ಪ್ರಕರಣಗಳನ್ನು ಒಂದೊಂದಾಗಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಗುಟ್ಟಾಗಿ ಚುಚ್ಚಿಕೊಂಡ ಇಂಜೆಕ್ಷನ್‌ಗಿಂತ, ಮನೆಯ ಡಬ್ಬಿಯಿಂದ ತೆಗೆದು ನುಂಗಿದ ಮಾತ್ರೆ, ಯಾರೋ ಹೇಳಿದರೆಂದು ಕುಡಿದ ಪೌಡರ್ ಅಲ್ಲಿ ಮತ್ತೆ ಮತ್ತೆ ಬರುತ್ತವೆ.

ಕೋಲೊ ಟೂರೆ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರಬಹುದು. ಐವರಿ ಕೋಸ್ಟ್‌ನವರು, ನಮಾಜ್ ರೋಜಾ ಬಿಡದವರೆಂದು ಹೆಸರಾದ ಆಟಗಾರ. 2011ರಲ್ಲಿ ಮ್ಯಾಂಚೆಸ್ಟರ್ ಸಿಟಿಯಲ್ಲಿ ಆಡುತ್ತಿದ್ದಾಗ ಅವರಿಗೆ ಆರು ತಿಂಗಳ ನಿಷೇಧವಾಯಿತು. ಕಾರಣ, ತೂಕ ಇಳಿಸಲು ಹೆಂಡತಿ ಇಟ್ಟುಕೊಂಡಿದ್ದ ಮಾತ್ರೆ. ಹತ್ತು ವರ್ಷದ ನಂತರ ಅಯಾಕ್ಸ್ ತಂಡದ ಗೋಲ್‌ಕೀಪರ್ ಆಂದ್ರೆ ಒನಾನಾ, ಮೈ ಹುಷಾರಿಲ್ಲವೆಂದು ತನ್ನ ಮಾತ್ರೆ ಎಂದುಕೊಂಡು ಹೆಂಡತಿಯ ಮಾತ್ರೆ ನುಂಗಿದೆ ಎಂದರು. ಅದು ಫ್ಯೂರೋಸೆಮೈಡ್. ಬಿಪಿ ಮತ್ತು ಹೃದಯದ ಕಾಯಿಲೆಗೆ ನಮ್ಮ ಅಜ್ಜ ಅಜ್ಜಿಯರೂ ನುಂಗುವ, ಮೂತ್ರ ಹೆಚ್ಚು ಮಾಡುವ ಮಾತ್ರೆ. ಒಂದು ವರ್ಷದ ನಿಷೇಧ ಮೇಲ್ಮನವಿಯಲ್ಲಿ ಒಂಬತ್ತು ತಿಂಗಳಿಗೆ ಇಳಿಯಿತು. ಈ ಮಾತ್ರೆಯಿಂದ ಕಾಲಿಗೆ ಬಲ ಬರುವುದಿಲ್ಲ. ಮೂತ್ರ ಹೆಚ್ಚಾಗಿ ಬೇರೆ ಮದ್ದಿನ ಗುರುತು ತೆಳುವಾಗುತ್ತದೆ, ಅದಕ್ಕೇ ನಿಷೇಧ.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 2017ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡದ ಶಿಬಿರ ಮುಂಬೈಯಲ್ಲಿ ನಡೆಯುತ್ತಿದ್ದಾಗ ಗೋಲ್‌ಕೀಪರ್ ಸುಬ್ರತ ಪಾಲ್ ಅವರ ಮೂತ್ರದಲ್ಲಿ ಟರ್ಬ್ಯುಟಲಿನ್ ಸಿಕ್ಕಿತು. ಕೆಮ್ಮಿಗೆ ತೆಗೆದುಕೊಂಡ ಔಷಧದಿಂದ ಬಂದದ್ದು ಎಂದು ಅವರು ವಿವರಿಸಿದರು, ಮುಂದೆ ಆಟಕ್ಕೂ ಮರಳಿದರು. ಟರ್ಬ್ಯುಟಲಿನ್ ಉಸಿರಿನ ಕೊಳವೆ ಅಗಲ ಮಾಡುವ ಮದ್ದು. ಮೆಡಿಕಲ್ ಶಾಪ್‌ಗೆ ಹೋಗಿ "ಕಫದ ಕೆಮ್ಮಿಗೆ ಒಂದು ಬಾಟ್ಲಿ ಕೊಡ್ರಿ" ಎಂದರೆ ಕೊಡುವ ಹಲವು ಸಿರಪ್‌ಗಳಲ್ಲಿ ಅದಿದೆ. ನಿಮ್ಮ ಮನೆಯ ಬಾಟ್ಲಿಯ ಹಿಂಬದಿ ಒಮ್ಮೆ ಓದಿ ನೋಡಿ.

ಇನ್ನು ಪಾಲ್ ಪೋಗ್ಬಾ. ಉಮ್ರಾಗೆ ಹೋದ ಅವರ ಫೋಟೊ ನಮ್ಮ ಹುಡುಗರ ಮೊಬೈಲ್‌ಗಳಲ್ಲೆಲ್ಲ ಓಡಾಡಿತ್ತು. 2023ರ ಆಗಸ್ಟ್ 20ರಂದು ಯುವೆಂಟಸ್ ತಂಡದ ಪಂದ್ಯದಲ್ಲಿ ಅವರು ಬೆಂಚಿನ ಮೇಲೆ ಕೂತಿದ್ದರು, ಮೈದಾನಕ್ಕೆ ಇಳಿಯಲೇ ಇಲ್ಲ. ಅಂದಿನ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಟೆಸ್ಟೋಸ್ಟಿರಾನ್ ಕುರುಹು ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ನಾಲ್ಕು ವರ್ಷ ನಿಷೇಧ. ಅಮೆರಿಕದ ಒಬ್ಬ ಡಾಕ್ಟರ್ ಹೇಳಿದ ಸಪ್ಲಿಮೆಂಟ್ ತೆಗೆದುಕೊಂಡೆ, ಮೋಸ ಮಾಡುವ ಉದ್ದೇಶ ಇರಲಿಲ್ಲ ಎಂದು ಅವರು ಕ್ರೀಡಾ ನ್ಯಾಯಾಲಯಕ್ಕೆ ಹೋದರು. ಉದ್ದೇಶವಿರಲಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು, ಆದರೂ 18 ತಿಂಗಳ ನಿಷೇಧ ಉಳಿಯಿತು. ಕ್ರೀಡೆಯ ನಿಯಮ ಅಷ್ಟು ಬಿಗಿ. ನಿಮ್ಮ ದೇಹದಲ್ಲಿ ಸಿಕ್ಕಿದ್ದಕ್ಕೆ ನೀವೇ ಹೊಣೆ, ಕೊಟ್ಟವರು ಯಾರೇ ಇರಲಿ.

ನಮ್ಮ ಕರ್ನಾಟಕಕ್ಕೆ ಈ ನಿಯಮದ ಬಿಸಿ ಫುಟ್‌ಬಾಲ್‌ಗಿಂತ ಮೊದಲೇ ಓಟದ ಮೈದಾನದಲ್ಲಿ ತಟ್ಟಿತ್ತು. ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ರೈತರ ಮನೆಯ ಹುಡುಗಿ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇ ಓಟದಲ್ಲಿ, ನಂತರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಮರು ವರ್ಷವೇ ಅವರು ಮತ್ತು ಜೊತೆಯ ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟಿರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಯಲ್ಲಿ ಅದು ಬೆರೆತಿತ್ತು, ನಮಗೆ ತಿಳಿದಿರಲಿಲ್ಲ ಎಂಬುದು ಅವರ ವಾದ. ಇಲ್ಲಿನ ಸಮಿತಿ ಒಂದು ವರ್ಷದ ಶಿಕ್ಷೆ ಕೊಟ್ಟಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈ ತಪ್ಪಿತು. "ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಎಂದು ಮಾರುವವರ ಮಾತು ಕೇಳಿದಾಗಲೆಲ್ಲ ನನಗೆ ಆ ಹುಡುಗಿಯರ ನೆನಪಾಗುತ್ತದೆ.

ಹಾಗೆಂದು, ಚೆನ್ನಾಗಿ ಓಡುವವರೆಲ್ಲ ಮದ್ದು ತಿಂದವರೇ ಎಂದು ಜಗಲಿಯ ಮೇಲೆ ಕೂತು ತೀರ್ಪು ಕೊಡಬೇಡಿ. ಗುಮಾನಿಯ ಮಾತು ಎಂಥ ತಪ್ಪು ಎಂದು ನಮಗೆ ಚಿಕ್ಕಂದಿನಿಂದಲೇ ಕಲಿಸಿದ್ದಾರೆ, ಈ ವಿಷಯದಲ್ಲಿ ಅದನ್ನು ಮರೆಯಬಾರದು. 1998ರಲ್ಲಿ ರೋಮಾ ತಂಡದ ಕೋಚ್ ಜೆಮಾನ್, ಫುಟ್‌ಬಾಲ್ ಔಷಧ ಅಂಗಡಿಯಿಂದ ಹೊರಗೆ ಬರಬೇಕು ಎಂದು ಬಹಿರಂಗವಾಗಿ ಹೇಳಿದರು. ತನಿಖೆಯಾದಾಗ ಯುವೆಂಟಸ್ ಕ್ಲಬ್‌ನಲ್ಲಿ 280ಕ್ಕೂ ಹೆಚ್ಚು ಬಗೆಯ ಔಷಧಿ ಸಿಕ್ಕಿದವು. ಒಂದು ಸಣ್ಣ ಆಸ್ಪತ್ರೆಯಲ್ಲೂ ಇಷ್ಟು ಇರಲಿಕ್ಕಿಲ್ಲ. ಕ್ಲಬ್‌ನ ವೈದ್ಯರಿಗೆ 2004ರಲ್ಲಿ ಶಿಕ್ಷೆಯಾಯಿತು, 2005ರಲ್ಲಿ ಮೇಲಿನ ನ್ಯಾಯಾಲಯ ಬಿಡುಗಡೆ ಮಾಡಿತು. ಕೊನೆಗೆ ಕಾಲಾವಧಿಯೇ ಮೀರಿಹೋಯಿತು. ಆಟಗಾರರಲ್ಲಿ ಒಬ್ಬರ ಮೇಲೂ ತಪ್ಪು ಸಾಬೀತಾಗಲಿಲ್ಲ, ಗುಮಾನಿ ಮಾತ್ರ ಇಂದಿಗೂ ಹೋಗಿಲ್ಲ.

ಇನ್ನೊಂದು ಕಡೆ ಮಾಮದು ಸಾಖೊ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ತಂಡದಲ್ಲಿದ್ದಾಗ ಕೊಬ್ಬು ಕರಗಿಸುವ ಸಪ್ಲಿಮೆಂಟ್‌ನಲ್ಲಿದ್ದ ಹಿಜೆನಮೈನ್ ಎಂಬ ವಸ್ತುವಿಗಾಗಿ ಅವರನ್ನು ಹೊರಗಿಟ್ಟರು. ಯೂರೋಪಾ ಲೀಗ್ ಫೈನಲ್ ಹೋಯಿತು, ಸ್ವಂತ ದೇಶದಲ್ಲೇ ನಡೆದ ಯೂರೋ ಕಪ್ ಹೋಯಿತು. ಆಮೇಲೆ ನೋಡಿದರೆ ಆ ವಸ್ತು ನಿಷೇಧಿತ ಪಟ್ಟಿಯಲ್ಲಿ ಸ್ಪಷ್ಟವಾಗಿ ಇರಲೇ ಇಲ್ಲ. ಅವರು ಆರೋಪಮುಕ್ತರಾದರು. ವಿಶ್ವ ಮದ್ದು ನಿಗ್ರಹ ಸಂಸ್ಥೆ ವಾಡಾ 2020ರಲ್ಲಿ ಲಂಡನ್ ಕೋರ್ಟಿನಲ್ಲಿ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಹೋದ ಪಂದ್ಯಗಳನ್ನು ಯಾರು ವಾಪಸ್ ಕೊಡುತ್ತಾರೆ?

ದೊಡ್ಡ ಆಟಗಾರರಿಗೆ ವಕೀಲರಿದ್ದಾರೆ, ಪರೀಕ್ಷೆಗಳಿವೆ. ನಮ್ಮ ಹುಡುಗರ ಮೂತ್ರವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಹಾಗಾಗಿ ಅವರು ಏನು ನುಂಗುತ್ತಿದ್ದಾರೆ ಎಂಬುದು ಮೈ ಕೆಟ್ಟ ಮೇಲೆಯೇ ಗೊತ್ತಾಗುವುದು.

ನಮ್ಮ ಕಡೆ ಹೆಚ್ಚು ಭಯ ಇರುವುದು ಮೂರು ಬಗೆಯ ಮದ್ದಿನದು. ಒಂದು, ಸ್ನಾಯು ಬೆಳೆಸುವ ಸ್ಟಿರಾಯ್ಡ್. ಇದು ಗಂಡು ಹಾರ್ಮೋನಿನ ನಕಲು. ಹೊರಗಿನಿಂದ ಧಾರಾಳ ಬಂದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಗಂಡಸರಿಗೆ ಎದೆ ಬೆಳೆಯುತ್ತದೆ. ಮದುವೆಯಾಗಿ ವರ್ಷಗಟ್ಟಲೆ ಮಕ್ಕಳಾಗಲಿಲ್ಲವೆಂದು ಎಲ್ಲರೂ ಸೊಸೆಯ ಕಡೆ ಬೆರಳು ತೋರಿಸುವಾಗ, ಮಗ ಇಪ್ಪತ್ತನೇ ವಯಸ್ಸಿನಲ್ಲಿ ಚುಚ್ಚಿಸಿಕೊಂಡದ್ದು ಯಾರಿಗೂ ನೆನಪಿರುವುದಿಲ್ಲ. ಲಿವರ್ ಕೆಡುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಇನ್ನೂ ಬೆಳೆಯುತ್ತಿರುವ ಹುಡುಗ ತೆಗೆದುಕೊಂಡರೆ ಮೂಳೆ ತುದಿಯ ಬೆಳವಣಿಗೆ ಬೇಗ ಮುಚ್ಚಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಹುಡುಗಿಯರಿಗೆ ದನಿ ಗಡುಸಾದರೆ ಅದು ಮತ್ತೆ ಸರಿಹೋಗದೆ ಉಳಿಯಬಹುದು.

ಎರಡನೆಯದು ಬೇರೆ ಜಾತಿಯ ಸ್ಟಿರಾಯ್ಡ್, ಹಳ್ಳಿಯಲ್ಲಿ "ದಪ್ಪ ಆಗೋ ಮಾತ್ರೆ" ಎನ್ನುವುದು. ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಅಥವಾ ಬೀಟಾಮೆಥಾಸೋನ್, ಜೊತೆಗೆ ಹಸಿವು ಹೆಚ್ಚಿಸುವ ಇನ್ನೊಂದು ಮಾತ್ರೆ. ಆಸ್ತಮಾ, ಅಲರ್ಜಿ, ಸಂಧಿವಾತಕ್ಕೆ ಡಾಕ್ಟರ್ ಲೆಕ್ಕ ಹಾಕಿ ಕೊಡುವಂಥವು. ತಿಂಗಳಲ್ಲಿ ಮುಖ ದುಂಡಗಾಗುತ್ತದೆ, ಮನೆಯವರು "ಮಾಷಾ ಅಲ್ಲಾಹ್, ಮಗ ಮೈ ತುಂಬಿಕೊಂಡ" ಎನ್ನುತ್ತಾರೆ. ಸ್ನಾಯು ಬೆಳೆದಿರುವುದಿಲ್ಲ. ನೀರು ಮತ್ತು ಕೊಬ್ಬು ತುಂಬಿರುತ್ತದೆ, ತೋಳು ತೊಡೆಯ ಸ್ನಾಯು ಒಳಗೊಳಗೇ ಸವೆಯುತ್ತಿರುತ್ತದೆ. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಮದುವೆಗೆ ಮುಂಚೆ ಹೆಣ್ಣುಮಕ್ಕಳಿಗೂ ಇದನ್ನು ತಿನ್ನಿಸುವ ಮನೆಗಳುಂಟು.

ಇಲ್ಲಿ ಒಂದು ಮಾತು ಗಮನವಿಟ್ಟು ಓದಿ. ಈ ಮಾತ್ರೆಯನ್ನು ವಾರಗಟ್ಟಲೆ ತಿಂದವರು ಇದನ್ನು ಓದಿ ಹೆದರಿ ಇವತ್ತೇ ಬಿಸಾಡಬಾರದು. ದೇಹ ತನ್ನ ಸ್ಟಿರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬಿಪಿ ಇಳಿದು, ವಾಂತಿಯಾಗಿ, ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಬರಬಹುದು. ಡಾಕ್ಟರ್ ಹತ್ತಿರ ಹೋಗಿ ಎಷ್ಟು ದಿನ ತಿಂದಿರಿ ಎಂದು ಹೇಳಿ. ಅವರು ಹಂತಹಂತವಾಗಿ ಇಳಿಸುತ್ತಾರೆ.

ಮೂರನೆಯದು ಉತ್ತೇಜಕಗಳು. ಆಪರೇಷನ್ ವೇಳೆ ಬಿಪಿ ಕುಸಿದರೆ ಏರಿಸಲು ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನ್ ಅನ್ನು ಜಿಮ್ ಹುಡುಗರು, ದೈಹಿಕ ಪರೀಕ್ಷೆಗೆ ಓಡುವವರು ಚುಚ್ಚಿಕೊಳ್ಳುವುದು ನಮ್ಮ ದೇಶದಲ್ಲಿ ಕಂಡುಬಂದಿದೆ. ಎದೆ ಬಡಿತ ಏರುತ್ತದೆ, ನಿದ್ದೆ ಹಾರುತ್ತದೆ, ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಚಟವೂ ಅಂಟುತ್ತದೆ. ನಮ್ಮ ಬೇಸಿಗೆಯಲ್ಲಿ ಇಂಥದ್ದನ್ನು ಚುಚ್ಚಿಕೊಂಡು ಓಡಿದರೆ ಹೃದಯ ನಿಲ್ಲಲು ಬೇರೆ ಕಾರಣ ಬೇಕಿಲ್ಲ. ಒಂದೇ ಸೂಜಿಯನ್ನು ನಾಲ್ಕು ಜನ ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಕೂಡ ಹಂಚಿಕೆಯಾಗುತ್ತವೆ.

ಪ್ರೋಟೀನ್ ಪೌಡರ್ ತನ್ನಷ್ಟಕ್ಕೆ ವಿಷವಲ್ಲ. ಆದರೆ ವಿಳಾಸವಿಲ್ಲದ ಡಬ್ಬಿಯಲ್ಲಿ ಏನು ಬೆರೆತಿದೆ ಎಂದು ಹೇಳುವವರಿಲ್ಲ. ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ತಯಾರಕರ ವಿಳಾಸ, ಬ್ಯಾಚ್ ನಂಬರ್ ಇಲ್ಲದಿದ್ದರೆ ಮನೆಯೊಳಗೆ ಬಿಡಬೇಡಿ. ಕ್ಯಾಪ್ಸೂಲ್‌ನ ಜೆಲಟಿನ್ ಹಲಾಲೋ ಅಲ್ಲವೋ ಎಂದು ನನ್ನನ್ನು ಕೇಳುವವರು ಬಹಳ. ಅದು ಕೇಳಬೇಕಾದ ಪ್ರಶ್ನೆಯೇ, ಆದರೆ ಕ್ಯಾಪ್ಸೂಲ್‌ನ ಒಳಗೆ ಏನಿದೆ ಎಂದು ಕೇಳಿದವರು ಕಡಿಮೆ.

ಅಷ್ಟಕ್ಕೂ ಆ ಡಬ್ಬಿ ಬೇಕೇ? 50 ಕೆಜಿ ತೂಕದ, ದಿನವೂ ಬೆವರಿಳಿಸಿ ಆಡುವ ಹುಡುಗನಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಸಾಕು. ಮೂರು ಮೊಟ್ಟೆಯಲ್ಲಿ 18 ಗ್ರಾಂ, 50 ಗ್ರಾಂ ಶೇಂಗಾದಲ್ಲಿ 12, ಐದು ಜೋಳದ ರೊಟ್ಟಿಯಲ್ಲಿ ಸುಮಾರು 25, ಒಂದು ಬಟ್ಟಲು ಬೇಳೆಯಲ್ಲಿ 7, ಒಂದು ಲೋಟ ಹಾಲಿನಲ್ಲಿ 6. ಅಲ್ಲಿಗೇ 68 ಆಯಿತು. ಹಿನ್ನೀರಿನ ಮೀನು ಬಂದ ದಿನ ಲೆಕ್ಕವೇ ಬೇಡ. ರಂಜಾನ್‌ನಲ್ಲಿ ಇದನ್ನೇ ಇಫ್ತಾರ್‌ನಿಂದ ಸಹರಿವರೆಗೆ ಹಂಚಿಕೊಳ್ಳಲಿ, ನೀರು ಚೆನ್ನಾಗಿ ಕುಡಿಯಲಿ, ಜೋರಿನ ಆಟ ಇಫ್ತಾರ್ ಆದ ಮೇಲೆ ಇರಲಿ.

ಮಗನೋ ಮಗಳೋ ಜಿಲ್ಲೆ, ರಾಜ್ಯ ಮಟ್ಟಕ್ಕೆ ಹೋಗುವ ಹಾಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಕೆಮ್ಮು ನೆಗಡಿಗೆ ತೋರಿಸುವಾಗಲೂ "ಇವನು ಆಟಗಾರ, ಪರೀಕ್ಷೆ ಇರುತ್ತದೆ" ಎಂದು ಡಾಕ್ಟರಿಗೆ ಮೊದಲೇ ಹೇಳಿ. ಆಸ್ತಮಾ ಇರುವ ಮಕ್ಕಳ ಸಾಲ್ಬ್ಯುಟಮಾಲ್ ಇನ್‌ಹೇಲರ್‌ಗೆ ಮಿತಿಯೊಳಗೆ ಅನುಮತಿ ಇದೆ, ಹೆದರಿ ನಿಲ್ಲಿಸಬೇಡಿ. ನಿಷೇಧಿತ ಮದ್ದೇ ಅನಿವಾರ್ಯವಾದರೆ ರಾಷ್ಟ್ರೀಯ ಮದ್ದು ನಿಗ್ರಹ ಸಂಸ್ಥೆ ನಾಡಾಕ್ಕೆ ಕಾಗದಪತ್ರ ಕೊಟ್ಟು ಮೊದಲೇ ಅನುಮತಿ ಪಡೆಯುವ ದಾರಿಯೂ ಇದೆ. ಔಷಧದ ಹೆಸರು ಹಾಕಿ ನೋಡಲು ಅದೇ ಸಂಸ್ಥೆಯ ಮೊಬೈಲ್ ಆ್ಯಪ್ ಇದೆ.

ಆಪಾ ತೋರಿಸಿದ ಆ ಹತ್ತು ಮಾತ್ರೆಗಳನ್ನು ಅವರು ಮಗನ ಜೊತೆಗೇ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋದರು. ಬೈಯದೆ ಕರೆದುಕೊಂಡು ಹೋದದ್ದರಿಂದ ಹುಡುಗ ಎಲ್ಲವನ್ನೂ ಬಾಯಿಬಿಟ್ಟ. ಎರಡು ತಿಂಗಳಿಂದ ನುಂಗುತ್ತಿದ್ದನಂತೆ. ಬಿಪಿ, ಸಕ್ಕರೆ ನೋಡಿದ ಡಾಕ್ಟರ್ ಮಾತ್ರೆಯನ್ನು ಒಮ್ಮೆಲೇ ಬಿಡಿಸಲಿಲ್ಲ, ಇಳಿಸುವ ಚೀಟಿ ಬರೆದುಕೊಟ್ಟಿದ್ದಾರೆ. ಈಗ ಮೂರನೇ ವಾರ. ಸಂಜೆ ಆಟಕ್ಕೆ ಹೋಗುತ್ತಾನೆ, ಸದ್ಯಕ್ಕೆ ಗೋಲ್ ಬಳಿ ನಿಲ್ಲುತ್ತಾನಂತೆ.