ರಾತ್ರಿ ಪಾಳಿ, ಜೈವಿಕ ಗಡಿಯಾರ ಮತ್ತು ಕ್ಯಾನ್ಸರ್

ಬಾಣಾವರ: ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದ ಬಾಣಾವರದಿಂದ ಹಿಡಿದು ರಾಜಧಾನಿಯ ಕಾಲ್ ಸೆಂಟರ್‌ವರೆಗೆ ರಾತ್ರಿ ಪಾಳಿ ಅನೇಕರ ಬದುಕಿನ ಭಾಗವಾಗಿದೆ. ಇದರಿಂದ ಆಗುವ ಆಯಾಸ ಎಲ್ಲರಿಗೂ ಗೊತ್ತು. ಆದರೆ ವರ್ಷಗಟ್ಟಲೆ ರಾತ್ರಿ ದುಡಿದರೆ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದು 2007ರಲ್ಲಿ ವರ್ಗೀಕರಿಸಿತು. 2019ರ ಮರುಪರಿಶೀಲನೆಯಲ್ಲೂ ಅದೇ ನಿಲುವನ್ನು ಉಳಿಸಿಕೊಂಡಿತು.

ಏನಿದು ಗಡಿಯಾರ?

ಮಿದುಳಿನಲ್ಲಿರುವ ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪು ದೇಹದ ಮುಖ್ಯ ಗಡಿಯಾರ. ಕಣ್ಣಿಗೆ ಬೀಳುವ ಬೆಳಕು ಅದರ ವೇಳೆಯನ್ನು ಸರಿಪಡಿಸುತ್ತದೆ. ಇದಲ್ಲದೆ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಗಡಿಯಾರದ ವಂಶವಾಹಿಗಳಿವೆ. 'ಪೀರಿಯಡ್' ಎಂಬ ವಂಶವಾಹಿ ತಯಾರಿಸುವ ಪ್ರೋಟೀನು ಹೆಚ್ಚಾದಾಗ ಅದೇ ವಂಶವಾಹಿಯ ಕೆಲಸವನ್ನು ತಡೆಯುತ್ತದೆ. ಪ್ರೋಟೀನು ಕರಗಿದೊಡನೆ ಕೆಲಸ ಮತ್ತೆ ಆರಂಭವಾಗುತ್ತದೆ. ಈ ಸುತ್ತಿಗೆ ಸುಮಾರು 24 ಗಂಟೆ ಹಿಡಿಯುತ್ತದೆ. ಹಣ್ಣಿನ ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಸಂದಿತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂಥ ನೊಣಗಳ ಅಧ್ಯಯನ ನಡೆದಿದೆ. ವಿಜಯ್ ಕುಮಾರ್ ಶರ್ಮಾ ಅವರ ತಂಡವು ಕೋಶದಿಂದ ಬೆಳಿಗ್ಗೆ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ತಲೆಮಾರುಗಳವರೆಗೆ ಪ್ರತ್ಯೇಕವಾಗಿ ಬೆಳೆಸಿತು. ಬೆಳಗಿನ ನೊಣಗಳ ಗಡಿಯಾರದ ಸುತ್ತು ಚಿಕ್ಕದಾಯಿತು, ಸಂಜೆಯವುಗಳದು ದೀರ್ಘವಾಯಿತು. ಇದು ಕ್ಯಾನ್ಸರ್ ಕುರಿತ ಪ್ರಯೋಗವಲ್ಲ. ಆದರೆ ಗಡಿಯಾರದ ಗತಿ ಎಲ್ಲ ಜೀವಿಗಳಲ್ಲೂ ಒಂದೇ ಅಲ್ಲ, ಅದು ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದನ್ನು ಇದು ತೋರಿಸಿತು.

ಕ್ಯಾನ್ಸರ್‌ಗೇನು ಸಂಬಂಧ?

ಜೀವಕೋಶ ಯಾವಾಗ ವಿಭಜನೆಯಾಗಬೇಕು, ಹಾನಿಗೊಂಡ ಡಿಎನ್‌ಎ ಯಾವಾಗ ದುರಸ್ತಿಯಾಗಬೇಕು ಎಂಬುದರಲ್ಲಿ ಗಡಿಯಾರಕ್ಕೆ ಪಾತ್ರವಿದೆ. 'ಪೀರಿಯಡ್-2' ವಂಶವಾಹಿ ಕೆಟ್ಟಿದ್ದ ಇಲಿಗಳಲ್ಲಿ ವಿಕಿರಣದ ನಂತರ ಹೆಚ್ಚು ಗೆಡ್ಡೆಗಳು ಬೆಳೆದುದನ್ನು ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದರು. ರಾತ್ರಿಯ ಬೆಳಕು ಮೆಲಟೋನಿನ್ ಹಾರ್ಮೋನನ್ನು ಕುಗ್ಗಿಸುವುದೂ ಒಂದು ಕಾರಣವಿರಬಹುದೆಂಬ ವಾದವಿದೆ.

ಮನುಷ್ಯರ ವಿಷಯದಲ್ಲಿ ಸಾಕ್ಷ್ಯ ಒಂದೇ ದಿಕ್ಕಿನಲ್ಲಿಲ್ಲ. 30 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸರದಿಯ ರಾತ್ರಿ ಪಾಳಿ ಮಾಡಿದ ಅಮೆರಿಕದ ದಾದಿಯರಲ್ಲಿ ಸ್ತನ ಕ್ಯಾನ್ಸರ್ ಅಪಾಯ ಶೇ 36ರಷ್ಟು ಹೆಚ್ಚಿತ್ತೆಂದು 2001ರ ಅಧ್ಯಯನ ಹೇಳಿತು. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಬೃಹತ್ ಅಧ್ಯಯನಕ್ಕೆ ಅಂಥ ಹೆಚ್ಚಳ ಕಾಣಲಿಲ್ಲ.

ಆದ್ದರಿಂದ ರಾತ್ರಿ ಪಾಳಿಯವರು ಗಾಬರಿಪಡಬೇಕಿಲ್ಲ, ಉದಾಸೀನವೂ ಸಲ್ಲದು. ಹಗಲು ಕತ್ತಲ ಕೋಣೆಯಲ್ಲಿ ಸಾಕಷ್ಟು ನಿದ್ದೆ ಮಾಡುವುದು, ತಂಬಾಕಿನಿಂದ ದೂರವಿರುವುದು, ಸ್ತನದಲ್ಲಿ ಗಂಟು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸುವುದು ಅವರ ಕೈಯಲ್ಲಿದೆ. ಒಬ್ಬರಿಗೇ ವರ್ಷಗಟ್ಟಲೆ ರಾತ್ರಿ ಪಾಳಿ ಬೀಳದಂತೆ ಪಟ್ಟಿ ಹಾಕುವುದು ಮಾತ್ರ ಉದ್ಯೋಗದಾತರ ಹೊಣೆ.