ಆರೇ ಕಾರುಗಳ ಓಟ, ಒಂದೇ ಕಂಪನಿಯ ಟೈರು

2005ರ ಜೂನ್ 19. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಫಾರ್ಮುಲಾ ಒನ್ ಓಟಕ್ಕೆ ಹೊರಟ 20 ಕಾರುಗಳಲ್ಲಿ 14 ಕಾರುಗಳು ಒಂದು ಸುತ್ತು ಹಾಕಿ ಸೀದಾ ಪಿಟ್‌ಗೆ ಹೋಗಿ ನಿಂತುಬಿಟ್ಟವು. ಅವೆಲ್ಲ ಮಿಶೆಲಿನ್ ಟೈರಿನ ಕಾರುಗಳು. ಎರಡು ದಿನ ಮೊದಲು ಅಭ್ಯಾಸದ ವೇಳೆ 13ನೇ ತಿರುವಿನಲ್ಲಿ ರಾಲ್ಫ್ ಶೂಮಾಕರ್ ಅವರ ಕಾರಿನ ಹಿಂದಿನ ಟೈರ್ ಕೈಕೊಟ್ಟು, ಕಾರು ಗೋಡೆಗೆ ಗುದ್ದಿತ್ತು. ಈ ಟೈರಿನಲ್ಲಿ ಪೂರ್ತಿ ಓಟ ಮುಗಿಸುವುದು ಅಪಾಯ ಎಂದು ಕಂಪನಿಯೇ ಕೈಚೆಲ್ಲಿತು. ಓಟದ ನಡುವೆ ಟೈರ್ ಬದಲಿಸಬಾರದೆಂಬ ನಿಯಮ ಬೇರೆ ಆ ವರ್ಷ ಜಾರಿಯಲ್ಲಿತ್ತು.

ಕಣದಲ್ಲಿ ಉಳಿದದ್ದು ಬ್ರಿಜ್‌ಸ್ಟೋನ್ ಟೈರಿನ ಆರೇ ಕಾರು. ಅದರಲ್ಲೊಂದು ಜೋರ್ಡಾನ್ ತಂಡದ ನಾರಾಯಣ್ ಕಾರ್ತಿಕೇಯನ್ ಅವರದು. ಕೊಯಮತ್ತೂರಿನ ಈ ಚಾಲಕ ನಾಲ್ಕನೆಯವರಾಗಿ ಬಂದು 5 ಅಂಕ ಗಳಿಸಿದರು. ಫಾರ್ಮುಲಾ ಒನ್‌ನಲ್ಲಿ ಭಾರತೀಯರೊಬ್ಬರಿಗೆ ದಕ್ಕಿದ ಮೊದಲ ಅಂಕಗಳು ಅವು. ಕಾರ್ತಿಕೇಯನ್ ಕೊನೆತನಕ ಕಾರು ಓಡಿಸಿದ್ದು ನಿಜ. ಆದರೆ ಆ ದಿನದ ಹಣೆಬರಹ ಬರೆದದ್ದು ಟೈರು.

2007ರಿಂದ ಫಾರ್ಮುಲಾ ಒನ್‌ಗೆ ಟೈರ್ ಕೊಡುವುದು ಒಂದೇ ಕಂಪನಿ. ಮೊದಲು ಬ್ರಿಜ್‌ಸ್ಟೋನ್, 2011ರಿಂದ ಪಿರೆಲಿ. ನಮ್ಮಲ್ಲೂ ರಾಷ್ಟ್ರೀಯ ಸ್ಪರ್ಧೆಗಳು ಬೆಳೆದದ್ದು ಎಂಆರ್‌ಎಫ್, ಜೆಕೆ ಟೈರ್‌ಗಳ ಆಸರೆಯಲ್ಲೇ. ಆ ಉಪಕಾರ ಸಣ್ಣದಲ್ಲ. ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್ ಆದದ್ದು ಎಂಆರ್‌ಎಫ್ ತಂಡದಲ್ಲಿ. ಅದೇ ಸರಣಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲೂ ನಡೆದಿದೆ.

ಕಷ್ಟ ಇರುವುದು ಸ್ವಂತ ದುಡ್ಡಿನಲ್ಲಿ ಓಡಿಸುವ ಹುಡುಗರಿಗೆ. ಮಣ್ಣಿನ ರ್‍ಯಾಲಿಯ ಟೈರಿಗೆ ದಪ್ಪ ಹಲ್ಲು, ಗಟ್ಟಿ ಪಕ್ಕೆ. ಹಾಗಿದ್ದೂ ತೋಟದ ದಾರಿಯ ಚೂಪುಗಲ್ಲು ಪಕ್ಕೆ ಸೀಳಿದರೆ ಆ ಟೈರ್ ಮುಗಿದಂತೆಯೇ, ಪ್ಯಾಚ್ ಹಾಕಿ ಮತ್ತೆ ಅದೇ ವೇಗದಲ್ಲಿ ಓಡಿಸುವಂತಿಲ್ಲ. ಮೆದು ರಬ್ಬರು ನೆಲ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಗಡಿಯಾರದಲ್ಲಿ ಸೋಲಿಸುತ್ತದೆ. ಹಣವಿದ್ದವನು ಹೊಸ ಸೆಟ್ ಹಾಕುತ್ತಾನೆ, ಇಲ್ಲದವನು ಸವೆದ ಟೈರಿನಲ್ಲೇ ಗುದ್ದಾಡುತ್ತಾನೆ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿ ಪರವಾನಗಿ ಕಡ್ಡಾಯ ಮಾಡಿತು. ದೇಶಿ ಕಾರ್ಖಾನೆಗಳಿಗೆ ಬಲ ಕೊಡುವುದು ಉದ್ದೇಶ. ಆದರೆ ಇದ್ದ ಆಯ್ಕೆಯ ಬಾಗಿಲು ಇನ್ನಷ್ಟು ಕಿರಿದಾಯಿತು. 2024ರ ಆಗಸ್ಟ್‌ನಲ್ಲಿ ಸಹಜ ರಬ್ಬರಿನ ಬೆಲೆ ಕಿಲೋಗೆ 240 ರೂಪಾಯಿ ದಾಟಿತು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ, ಟ್ರ್ಯಾಕ್ಟರ್ ಟೈರಿನದು ಶೇ 18ರಿಂದ 5ಕ್ಕೆ ಇಳಿದದ್ದು ತುಸು ಸಮಾಧಾನ.

ಟ್ರ್ಯಾಕ್ಟರ್ ಎಂದಾಗ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಟ್ರಾಲಿ ರಿವರ್ಸ್ ಸ್ಪರ್ಧೆಯನ್ನು ನೆನೆಯಲೇಬೇಕು. ತೆಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಮೆಕ್ಕೆಜೋಳ ಹೇರುವಂಥ ಟ್ರ್ಯಾಕ್ಟರುಗಳೇ ಅಲ್ಲಿ ಕಣಕ್ಕಿಳಿಯುತ್ತವೆ. ಹೊಲ ಉತ್ತ ಟೈರೇ ಸ್ಪರ್ಧೆಯ ಟೈರು. ಟ್ರಾಲಿಯನ್ನು ಹಿಂದಕ್ಕೆ ನೆಟ್ಟಗೆ ಒಯ್ಯುವ ಕೈಚಳಕಕ್ಕೆ ಅಲ್ಲಿ ಬೆಲೆ, ಟೈರ್ ಅಂಗಡಿಯ ಬಿಲ್ಲಿಗಲ್ಲ.

ನಮ್ಮ ಮೋಟಾರು ಕ್ರೀಡಾ ಕ್ಲಬ್‌ಗಳು ಇದನ್ನು ಗಮನಿಸಬೇಕು. ಹೊಸಬರ ವಿಭಾಗದಲ್ಲಾದರೂ ಅಂಗಡಿಯಲ್ಲಿ ಸಿಗುವ ಸಾಮಾನ್ಯ ರಸ್ತೆ ಟೈರನ್ನು, ಅದು ಯಾವ ಕಂಪನಿಯದೇ ಆಗಿರಲಿ, ಒಪ್ಪಲಿ. ಒಂದು ಸ್ಪರ್ಧೆಗೆ ಇಷ್ಟೇ ಟೈರ್ ಎಂದು ಗುರುತು ಹಾಕಿ ಕೊಡಲಿ.