ಲಿಫ್ಟ್ ವಿಡಿಯೋ ಮಾಡೋರು ಬಾಗಿಲನ್ನೇ ಯಾಕೆ ಅಷ್ಟೊತ್ತು ತೋರಿಸ್ತಾರೆ? ಅಂಗಡಿ ಮಾಲೀಕರೂ ಒಮ್ಮೆ ನೋಡಬೇಕಾದ ವಿಷಯ

ಯಾದಗಿರಿ: ಯೂಟ್ಯೂಬ್‌ನಲ್ಲಿ ಒಂದು ನಮೂನೆಯ ವಿಡಿಯೋಗಳಿವೆ. ಅದರಲ್ಲಿ ಹಾಡಿಲ್ಲ, ಜಗಳವಿಲ್ಲ, ಯಾರ ಮುಖವೂ ಕಾಣಲ್ಲ. ಒಂದು ಬೆರಳು ಬಟನ್ ಒತ್ತುತ್ತದೆ, ಬಟನ್ ಕೆಂಪಗಾಗುತ್ತದೆ, ‘ಟಿಂಗ್’ ಅಂತ ಸದ್ದಾಗಿ ಬಾಗಿಲು ಸರಿಯುತ್ತದೆ. ಲಿಫ್ಟ್ ಮೂರನೇ ಮಹಡಿಗೆ ಹೋಗುತ್ತದೆ, ಮತ್ತೆ ಕೆಳಗೆ ಬರುತ್ತದೆ. ಮುಗೀತು. ಇದನ್ನ ಯಾರು ನೋಡ್ತಾರಪ್ಪ ಅಂದ್ರೆ, ಲಕ್ಷಗಟ್ಟಲೆ ಜನ ನೋಡ್ತಾರೆ. ಲಿಫ್ಟ್ ಹುಡುಕಿಕೊಂಡು ಹೋಗಿ, ಹತ್ತಿ ಇಳಿದು, ಚಿತ್ರೀಕರಿಸೋದು ಈಗ ದೇಶದೇಶಗಳಲ್ಲಿ ಹಬ್ಬಿರುವ ಹವ್ಯಾಸ.

ನಮ್ಮ ಕಡೆ ಲಿಫ್ಟ್ ಇನ್ನೂ ಹೊಸತೇ. ಯಾದಗಿರಿ ಜಿಲ್ಲೆಯಾಗಿದ್ದೇ 2010ರಲ್ಲಿ. ಅದಾದ ಮೇಲೆ ಯಾದಗಿರಿ, ಶಹಾಪುರ, ಸುರಪುರದ ಬಜಾರಗಳಲ್ಲಿ ಕೆಳಗೆ ಅಂಗಡಿ, ಮೇಲೆ ದವಾಖಾನೆ, ಅದರ ಮೇಲೆ ಲಾಡ್ಜ್ ಅಂತ ಕಟ್ಟಡಗಳು ಏಳತೊಡಗಿದವು. ಮೂರನೇ ಮಹಡಿ ಕಟ್ಟಿದ ಮೇಲೆ ವಯಸ್ಸಾದ ಗಿರಾಕಿ ಮೆಟ್ಟಿಲು ಹತ್ತಲ್ಲ ಅಂತ ಮಾಲೀಕರಿಗೆ ಗೊತ್ತಾಗುತ್ತದೆ, ಆಗ ಲಿಫ್ಟ್ ಬರುತ್ತದೆ. ಹಿಂದೆಯೇ ಮೊಬೈಲ್ ಹಿಡಿದ ಹುಡುಗನೂ ಬರಬಹುದು. “ಏ ತಮ್ಮಾ, ಏನ್ ಮಾಡಾಕತ್ತಿ ಅಲ್ಲಿ?” ಅಂತ ಗದರಿಸೋದು ಸಹಜ. ಆದರೆ ಆ ಹುಡುಗ ನೋಡ್ತಿರೋದು ಏನು ಅಂತ ತಿಳಿದರೆ ಲಾಭ ಮಾಲೀಕರಿಗೇ.

ಈ ಹವ್ಯಾಸಕ್ಕೆ ಹೆಸರು ತಂದವರಲ್ಲಿ ಮುಖ್ಯ ವ್ಯಕ್ತಿ ಅಮೆರಿಕದ ವರ್ಜೀನಿಯಾ ರಾಜ್ಯದ ಆಂಡ್ರೂ ರೀಮ್ಸ್. ರೈಲ್ವೆ ಕೆಲಸಗಾರ. ‘ಡೀಸೆಲ್‌ಡ್ಯೂಸಿ’ ಅನ್ನೋದು ಅವರ ಚಾನೆಲ್ ಹೆಸರು. ಎಲಿವೇಟರ್ ಮತ್ತು ಟೂರ್ ಎರಡನ್ನೂ ಬೆಸೆದು ಅವರು ತಮ್ಮ ವಿಡಿಯೋಗಳಿಗೆ ‘ಎಲಿವೇಟೂರ್’ ಅಂತ ಕರೆದರು. ತಮಗೆ ಆಟಿಸಂ ಇರೋದನ್ನ ಅವರು ಮುಚ್ಚಿಟ್ಟಿಲ್ಲ. ಅವರ ವಿಡಿಯೋ ನೋಡುವವರಲ್ಲಿ ಆಟಿಸಂ ಇರುವ ಮಕ್ಕಳೂ ಬಹಳ. ಬಟನ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಪ್ರತಿ ಸಲವೂ ಅದೇ ಕ್ರಮ, ಅದೇ ಸದ್ದು. ಜನರ ಮಾತು, ಗದ್ದಲ ಗೊಂದಲ ಅನ್ನಿಸುವ ಮಗುವಿಗೆ ಇಂಥ ನೆಚ್ಚಿಕೆಯ ಯಂತ್ರ ಸಮಾಧಾನ ಕೊಡುತ್ತದೆ. ನಿಮ್ಮ ಅಂಗಡಿಗೆ ಬಂದ ಯಾವುದಾದರೂ ಮಗು ಲಿಫ್ಟ್ ಬಿಟ್ಟು ಹೊರಗೇ ಬರಲ್ಲ ಅಂತ ಹಟ ಹಿಡಿದರೆ, ತಾಯಿಯನ್ನ ಬೈಯೋ ಮುಂಚೆ ಇದೊಂದು ನೆನಪಿರಲಿ.

ಇನ್ನು ಇವರು ಏನೇನು ಚಿತ್ರೀಕರಿಸ್ತಾರೆ? ಒಳಗಿನ ಫಲಕ, ತಯಾರಕರ ಹೆಸರು, ಬಾಗಿಲು ಮುಚ್ಚುವ ವೇಗ, ನೆಲ ಸರಿಯಾಗಿ ಸಮ ಆಯಿತೋ ಇಲ್ಲವೋ, ಮೋಟಾರಿನ ಸದ್ದು. ಪಳಗಿದ ಹವ್ಯಾಸಿ ಕಣ್ಣು ಮುಚ್ಚಿಕೊಂಡು ಸದ್ದಿನ ಮೇಲೇ ಇದು ಹಳೇ ಮೋಟಾರು, ಇದು ಹೊಸ ಡ್ರೈವ್ ಅಂತ ಹೇಳಬಲ್ಲ.

ಫಲಕದ ಲೆಕ್ಕ ನೋಡಿ. ‘6 ಜನ, 408 ಕೆಜಿ’ ಅಂತ ಬರೆದಿರುತ್ತದೆ. 400 ಅಂತ ಗುಂಡಗೆ ಬರೀಬಹುದಿತ್ತಲ್ಲ? ನಮ್ಮ ದೇಶದ ಲಿಫ್ಟ್ ಲೆಕ್ಕದಲ್ಲಿ ತಲೆಗೆ 68 ಕೆಜಿ. ನಾಲ್ಕು ಜನಕ್ಕೆ 272, ಆರಕ್ಕೆ 408, ಎಂಟಕ್ಕೆ 544. ಅಂದರೆ 50 ಕೆಜಿಯ ಎಂಟು ಚೀಲ ಸಿಮೆಂಟ್ ಇಟ್ಟರೆ ಆರು ಜನರ ಲಿಫ್ಟ್ ಭರ್ತಿ, ಜೊತೆಗೆ ಹಮಾಲನೂ ಹತ್ತಿದರೆ ಲೆಕ್ಕ ಮೀರಿತು. ತೂಕವೊಂದೇ ಅಲ್ಲ. ಜನರ ಲಿಫ್ಟಿನಲ್ಲಿ ಕೈಗಾಡಿ ನುಗ್ಗಿಸಿದರೆ ಮೊದಲು ಕೆಡೋದು ಬಾಗಿಲ ಹೊಸ್ತಿಲ ಗಾಡಿ. ಸಾಮಾನು ಸಾಗಿಸೋ ಅಂಗಡಿಯವರು ಕೊಳ್ಳುವಾಗಲೇ ಅದನ್ನ ಹೇಳಿ ಬೇರೆ ನಮೂನೆ ಕೇಳಬೇಕು.

ಏತ ಗೊತ್ತಿದ್ದವರಿಗೆ ಲಿಫ್ಟ್ ಗೊತ್ತು

ಹಳೇ ಕಾಲದ ಏತ ನೋಡಿದವರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಮರದ ತೊಲೆಯ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಆ ಭಾರ ಇರೋದರಿಂದಲೇ ಒಬ್ಬ ಮನುಷ್ಯ ಇಡೀ ಬಾನಿ ನೀರು ಎತ್ತುತ್ತಿದ್ದ. ಲಿಫ್ಟ್ ನಡೆಯೋದೂ ಇದೇ ಉಪಾಯದ ಮೇಲೆ. ಕ್ಯಾಬಿನ್ನಿಗೆ ಕಟ್ಟಿದ ಉಕ್ಕಿನ ಹಗ್ಗಗಳು ಮೇಲಿನ ಗಾಲಿಯನ್ನ ಸುತ್ತಿ ಇನ್ನೊಂದು ಬದಿಗೆ ಇಳಿದು, ಅಲ್ಲೊಂದು ಭಾರವನ್ನ ಹಿಡಿದಿರುತ್ತವೆ. ಆ ಭಾರ ಖಾಲಿ ಕ್ಯಾಬಿನ್ನಿನ ತೂಕದ ಜೊತೆಗೆ, ಲಿಫ್ಟ್ ಹೊರಬಹುದಾದ ಹೊರೆಯ ಸುಮಾರು ಅರ್ಧದಷ್ಟು. ಹಂಗಾಗಿ ಮೋಟಾರು ಎತ್ತಬೇಕಾದ್ದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಮೋಜಿನ ಸಂಗತಿ ಅಂದ್ರೆ, ಖಾಲಿ ಲಿಫ್ಟಿನ ಬ್ರೇಕ್ ಏನಾದರೂ ಕೈಕೊಟ್ಟರೆ ಅದು ಕೆಳಗೆ ಬೀಳಲ್ಲ, ಮೇಲಕ್ಕೆ ಎಳೆಯುತ್ತದೆ! ಆಚೆ ಬದಿಯ ಭಾರವೇ ಹೆಚ್ಚಿರುತ್ತದಲ್ಲ.

“ಹಗ್ಗ ಹರಿದರೆ?” ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಸಿನಿಮಾಗಳು ಹುಟ್ಟಿಸಿದ ಭಯ ಅದು. ಹಗ್ಗ ಒಂದಲ್ಲ, ಹಲವು ಇರುತ್ತವೆ, ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಇರುತ್ತವೆ. ಅದರ ಮೇಲೆ, ಕ್ಯಾಬಿನ್ ಮಿತಿಮೀರಿ ವೇಗ ಹಿಡಿದರೆ ಇಕ್ಕೆಲದ ಹಳಿಗಳನ್ನ ಕಚ್ಚಿ ಹಿಡಿಯುವ ಬೇರೆಯೇ ಏರ್ಪಾಡು ಇದೆ. 1854ರಲ್ಲಿ ಎಲಿಶಾ ಓಟಿಸ್ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ಅಟ್ಟಣಿಗೆ ಮೇಲೆ ನಿಂತು, ಹಗ್ಗ ಕಡಿಸಿ, ಬೀಳದೆ ನಿಂತು ತೋರಿಸಿದ್ದು ಇಂಥದ್ದೇ ಹಿಡಿತವನ್ನ. ಮೂರು ವರ್ಷದ ನಂತರ, 1857ರಲ್ಲಿ, ಅವರ ಮೊದಲ ಜನಸಾಗಣೆ ಲಿಫ್ಟ್ ಕೂತಿದ್ದು ಎಲ್ಲಿ ಗೊತ್ತೇ? ಅರಮನೆಯಲ್ಲಲ್ಲ, ಒಂದು ಅಂಗಡಿಯಲ್ಲಿ. ಪಿಂಗಾಣಿ, ಗಾಜಿನ ಸಾಮಾನು ಮಾರುವ ಐದು ಮಹಡಿಯ ಹೌವೌಟ್ ಮಳಿಗೆ. ಗಿರಾಕಿ ಮೇಲಿನ ಮಹಡಿಗೆ ಬರಲಿ ಅನ್ನೋ ನಮ್ಮ ಬಜಾರದ ಲೆಕ್ಕವೇ ಅಲ್ಲೂ.

ಭಾರತಕ್ಕೆ ಓಟಿಸ್ ಕಂಪನಿ ಬಂದಿದ್ದು 1892ರಲ್ಲಿ, ಕಲ್ಕತ್ತೆಯ ರಾಜಭವನಕ್ಕೆ. ನಮ್ಮ ರಾಜ್ಯದಲ್ಲಿ ಹಳೇ ಲಿಫ್ಟ್ ನೋಡೋ ಆಸೆ ಇದ್ದವರು ಮೈಸೂರಿನ ಲಲಿತ ಮಹಲ್‌ ಹೆಸರು ಹೇಳ್ತಾರೆ. 1921ರಲ್ಲಿ ಕಟ್ಟಿದ ಅರಮನೆ, 1974ರಿಂದ ಹೋಟೆಲ್. ಅಲ್ಲಿನ ಜಾಲರಿ ಬಾಗಿಲ ಹಳೇ ಲಿಫ್ಟ್ ಹವ್ಯಾಸಿಗಳಿಗೆ ತೀರ್ಥಕ್ಷೇತ್ರ ಇದ್ದಂಗೆ.

ಆದರೆ ಹಗ್ಗದ ಮೇಲೆ ಜೀವ ಬಿಟ್ಟು ಏರಿಳಿಯೋದರಲ್ಲಿ ಮೈಸೂರಿಗಿಂತ ನಮ್ಮ ಭಾಗವೇ ಮುಂದೆ. ಸುರಪುರದಿಂದ ಕೃಷ್ಣೆ ದಾಟಿ ಲಿಂಗಸುಗೂರು ತಾಲೂಕಿಗೆ ಹೋದರೆ ಹಟ್ಟಿ ಚಿನ್ನದ ಗಣಿ. 1947ರಲ್ಲಿ, ನಿಜಾಮರ ಕಾಲದಲ್ಲೇ, ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದ ಕಂಪನಿ. ಅಲ್ಲಿನ ಮಲ್ಲಪ್ಪ ಶಾಫ್ಟಿನಲ್ಲಿ ಕಾರ್ಮಿಕರು ‘ಕೇಜ್’ ಹತ್ತಿ 2,000 ಅಡಿಗೂ ಕೆಳಗೆ ಇಳಿಯುತ್ತಾರೆ. ಅದಕ್ಕೆ ನಮ್ಮ ಲಿಫ್ಟಿನಂತೆ ಮಹಡಿಯ ಬಟನ್ ಇಲ್ಲ. ಗಂಟೆಯ ಎಣಿಕೆ ಕೇಳಿಕೊಂಡು ಮೇಲೆ ಕೂತ ವೈಂಡರ್ ಚಾಲಕ ಅದನ್ನ ಏರಿಸಿ ಇಳಿಸುತ್ತಾನೆ. 2001ರಲ್ಲಿ ಮುಚ್ಚಿದ ಕೋಲಾರದ ಚಾಂಪಿಯನ್ ರೀಫ್ ಗಣಿಯಂತೂ 3 ಕಿಲೋಮೀಟರಿಗೂ ಆಳ. ದುಬೈನ ಬುರ್ಜ್ ಖಲೀಫಾ ಎತ್ತರ 828 ಮೀಟರ್. ಲಿಫ್ಟ್ ಅಂದ್ರೆ ದುಬೈ ಅನ್ನೋ ಹುಡುಗರಿಗೆ ಈ ಲೆಕ್ಕ ಹೇಳಬೇಕು.

ಇನ್ನೊಂದು ಮಾತೂ ಇಲ್ಲಿಗೇ ಸೇರುತ್ತದೆ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ದುಡಿಯಲು ಹೋದ ಎಷ್ಟೋ ಮಂದಿ ಹದಿನೈದು, ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟುವಾಗ ಹೊರಗೋಡೆಗೆ ಅಂಟಿಕೊಂಡ ಹಲ್ಲುಪಟ್ಟಿಯ ಹಾಯ್ಸ್ಟ್ ಹತ್ತಿದವರು. ಕಟ್ಟಡ ಮುಗಿದು ಒಳಗೆ ಚಂದದ ಲಿಫ್ಟ್ ಕೂತ ಮೇಲೆ ಅವರೇ ಅದರಲ್ಲಿ ಕಾಲಿಡೋ ಹಾಗಿರಲ್ಲ. ಕೆಲವು ಕಡೆ ಕೆಲಸದವರಿಗೆ ಬೇರೆ ಲಿಫ್ಟ್ ತೋರಿಸ್ತಾರೆ. ವಿಡಿಯೋಗಳಲ್ಲಿ ಇದು ಬರಲ್ಲ.

ಅಪಾಯ ಇರೋದು ಬಾಗಿಲಲ್ಲಿ

ಹವ್ಯಾಸಿಗಳು ಬಾಗಿಲನ್ನೇ ಹೆಚ್ಚು ತೋರಿಸೋದಕ್ಕೆ ಅದರ ಚಂದವೇ ಕಾರಣ ಇರಬಹುದು. ಆದರೆ ಲಿಫ್ಟಿನಲ್ಲಿ ಜೀವ ಹೋಗೋ ಜಾಗವೂ ಅದೇ. ಕ್ಯಾಬಿನ್ ಇನ್ನೆಲ್ಲೋ ಇರುತ್ತದೆ, ಹೊರಬಾಗಿಲು ಮಾತ್ರ ತೆರೆಯುತ್ತದೆ, ಮಾತಾಡ್ತಾ ಬಂದವರು ಕಾಲಿಡ್ತಾರೆ, ಒಳಗೆ ನೆಲವೇ ಇರಲ್ಲ. ಸರಿಯಿರುವ ಲಿಫ್ಟಿನಲ್ಲಿ ಹೀಗಾಗಲು ಸಾಧ್ಯವಿಲ್ಲ. ಕ್ಯಾಬಿನ್ ಬಂದು ನಿಂತ ಹೊರತು ಹೊರಬಾಗಿಲಿನ ಬೀಗ ಬಿಡಲ್ಲ, ಬಾಗಿಲು ಪೂರ್ತಿ ಮುಚ್ಚಿದ ಹೊರತು ಲಿಫ್ಟ್ ಹೊರಡಲ್ಲ. ಈ ಬೀಗ ಸವೆದಾಗ, ಅಥವಾ “ಬಾಗಿಲು ಸರಿಯಾಗಿ ಮುಚ್ಚವಲ್ದು, ಲಿಫ್ಟ್ ಹೊಂಡವಲ್ದು” ಅಂತ ಯಾರೋ ವೈರ್ ಸೇರಿಸಿ ಬೀಗವನ್ನೇ ತಪ್ಪಿಸಿದಾಗ ಅನಾಹುತ. ಇಂಥ ‘ಜುಗಾಡ್’ ರಿಪೇರಿಯನ್ನ ಮಾಲೀಕರು ಒಂದು ತಾಸಿನ ಮಟ್ಟಿಗೂ ಒಪ್ಪಬಾರದು. ಲಿಫ್ಟ್ ನಿಲ್ಲಿಸಿ, ಎಲ್ಲ ಮಹಡಿಯಲ್ಲೂ ಅಡ್ಡ ಹಾಕಿ, ಮೆಕ್ಯಾನಿಕ್ ಬರೋತನಕ ಗಿರಾಕಿಗೆ ಮೆಟ್ಟಿಲು ತೋರಿಸಿ.

ಹೊರಗಿನಿಂದ ಬಾಗಿಲು ತೆಗೆಯೋ ಒಂದು ಕೀಲಿ ಇರುತ್ತದೆ. ಅದು ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಗೆ ನೇತು ಹಾಕೋ ವಸ್ತುವಲ್ಲ. ತರಬೇತಿ ಆದವರ ಕೈಯಲ್ಲಿ ಮಾತ್ರ ಇರಬೇಕು.

ಕೈಯಿಂದ ಎಳೆಯೋ ಜಾಲರಿ ಬಾಗಿಲಿದ್ದರೆ ಇನ್ನೂ ಹುಷಾರು. ಮಕ್ಕಳ ಬೆರಳು, ಸೀರೆಯ ಸೆರಗು, ದುಪಟ್ಟಾ ಸಿಕ್ಕಿಕೊಳ್ಳೋದು ಅಲ್ಲೇ. ನೆಲ ಸಮ ಆಗದಿರೋದೂ ಸಣ್ಣ ವಿಷಯ ಅಲ್ಲ. ಲಿಫ್ಟ್ ಒಂದಿಂಚು ಮೇಲೆ ನಿಂತರೆ ಹುಡುಗರು ಹಾರಿ ಇಳೀತಾರೆ, ಮೊಣಕಾಲು ನೋವಿನ ಅಜ್ಜಿ ಎಡವಿ ಬೀಳ್ತಾಳೆ. ಹವ್ಯಾಸಿಗಳ ವಿಡಿಯೋದಲ್ಲಿ ಹೊಸ್ತಿಲ ಮೇಲೆ ಕ್ಯಾಮೆರಾ ನಿಲ್ಲೋದು ಇದನ್ನ ನೋಡೋಕೆ.

ಕರೆಂಟಿನ ವಿಷಯ ನಮ್ಮೂರಲ್ಲಿ ಬೇರೆ ಹೇಳಬೇಕಿಲ್ಲ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಲಿಫ್ಟನ್ನ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಸಾಧನಕ್ಕೆ ‘ಎಆರ್‌ಡಿ’ ಅಂತಾರೆ. ದುಡ್ಡು ಉಳಿಸಲು ಬಿಡಬಾರದ ಒಂದೇ ಭಾಗ ಯಾವುದು ಅಂತ ಕೇಳಿದರೆ, ಈ ಊರುಗಳ ಮಟ್ಟಿಗೆ ಇದೇ. ಆದರೆ ಅದರ ಬ್ಯಾಟರಿಗೂ ವಯಸ್ಸಾಗುತ್ತದೆ. ಸರ್ವಿಸ್‌ಗೆ ಬಂದ ಮೆಕ್ಯಾನಿಕ್‌ಗೆ “ಮೇನ್ ಬಂದ್ ಮಾಡಿ ನನ್ನ ಎದುರಿಗೇ ತೋರ್ಸಪ್ಪ” ಅಂತ ಕೇಳೋದು ಮಾಲೀಕರ ಹಕ್ಕು.

ಒಳಗೆ ಸಿಕ್ಕಿಹಾಕಿಕೊಂಡವರಿಗೂ ಒಂದು ಮಾತು. ಉಸಿರುಗಟ್ಟಲ್ಲ, ಕ್ಯಾಬಿನ್ನಿಗೆ ಗಾಳಿಯ ಕಿಂಡಿಗಳಿರುತ್ತವೆ. ಅಲಾರಂ ಒತ್ತಿ, ಫೋನ್ ಮಾಡಿ, ಕಾಯಿರಿ. ಎರಡು ಮಹಡಿ ನಡುವೆ ನಿಂತಾಗ ಬಾಗಿಲು ಸೀಳಿಕೊಂಡು ಜಿಗಿಯೋಕೆ ಹೋಗೋದೇ ಅಪಾಯ. ಕಾಲು ಜಾರಿದರೆ ಬೀಳೋದು ಕ್ಯಾಬಿನ್ನಿನ ಕೆಳಗಿನ ಗುಂಡಿಗೆ.

ಕಾನೂನು, ಮತ್ತೆ ಹುಡುಗರಿಗೆ ಅನುಮತಿ

ರಾಜ್ಯದಲ್ಲಿ ಲಿಫ್ಟ್, ಎಸ್ಕಲೇಟರ್‌ಗಳಿಗೆ 2012ರ ಕಾಯ್ದೆ ಇದೆ. ಕೂರಿಸೋಕೆ ಮೊದಲು ಅನುಮತಿ, ಓಡಿಸೋಕೆ ಮೊದಲು ಲೈಸೆನ್ಸ್. ನೋಡಿಕೊಳ್ಳೋದು ವಿದ್ಯುತ್ ಪರಿವೀಕ್ಷಣಾಲಯ. ಜೆಸ್ಕಾಂ ಮೀಟರ್ ಕೊಟ್ಟಿದೆ ಅಂದಮಾತ್ರಕ್ಕೆ ಲಿಫ್ಟ್ ಪಾಸಾಯಿತು ಅಂತಲ್ಲ, ಎರಡೂ ಬೇರೆ. ಬಾಡಿಗೆಗೆ ಮಳಿಗೆ ಹಿಡಿಯೋರು ಕೂಡ ಕಟ್ಟಡದ ಮಾಲೀಕರಿಗೆ “ಲಿಫ್ಟಿನ ಲೈಸೆನ್ಸ್ ಐತೇನ್ರಿ?” ಅಂತ ಕೇಳಿಯೇ ಕರಾರು ಮಾಡಿಕೊಳ್ಳೋದು ಒಳ್ಳೇದು. ಗಿರಾಕಿ ನಿಮ್ಮವರು.

ಚಿತ್ರೀಕರಿಸೋ ಹುಡುಗರ ಕಡೆಯಿಂದಲೂ ಒಂದು ಶಿಸ್ತು ಬೇಕು. ಮೊದಲು ಕೌಂಟರಿನಲ್ಲಿ ಕೇಳಬೇಕು: “ಕಾಕಾ, ನಿಮ್ಮ ಲಿಫ್ಟಿಂದು ಎರಡು ನಿಮಿಷ ವಿಡಿಯೋ ತೆಗೀಲ್ಯಾ?” ಬೇಡ ಅಂದ್ರೆ ಹೊರಡಬೇಕು. ಬೇರೆಯವರು, ಅದರಲ್ಲೂ ಹೆಣ್ಣುಮಕ್ಕಳು ಒಳಗಿದ್ದಾಗ ಕ್ಯಾಮೆರಾ ಕೆಳಗೆ. ದವಾಖಾನೆಯಲ್ಲಿ ಸ್ಟ್ರೆಚರ್ ಹೋಗೋ ಲಿಫ್ಟಿನ ತಂಟೆಗೇ ಹೋಗಬಾರದು. ಒಳಗೆ ಕುಣಿಯೋದು, ಬಾಗಿಲಿಗೆ ಕಾಲು ಅಡ್ಡ ಕೊಡೋದು, ಸುಮ್ಮನೆ ಅಲಾರಂ ಒತ್ತೋದು ಹವ್ಯಾಸ ಅಲ್ಲ, ಕಿತಾಪತಿ. ಮೋಟಾರಿನ ಕೋಣೆಗೆ ಹೋಗೋ ಹಂಬಲ ಎಲ್ಲ ಹವ್ಯಾಸಿಗಳಿಗೂ ಇರುತ್ತದೆ. ಮೆಕ್ಯಾನಿಕ್ ಜೊತೆಗಿಲ್ಲದೆ ಅದು ಬೇಡ. ಬಾವಿಯಂಥ ಆ ಶಾಫ್ಟಿಗೆ ಇಣುಕೋದಂತೂ ಯಾವ ಲೈಕಿಗೂ ಬೇಡ.

ಅನುಮತಿ ಕೊಟ್ಟ ಮಾಲೀಕರು ಹುಡುಗ ಇಳಿದು ಬಂದ ಮೇಲೆ ಎರಡು ಪ್ರಶ್ನೆ ಕೇಳಬಹುದು: ಯಾವ ಮಹಡಿಯಲ್ಲಿ ನೆಲ ಸಮ ಆಗಲಿಲ್ಲ? ಎಲ್ಲಿ ಸದ್ದು ಬೇರೆ ಬಂತು? ವಿಡಿಯೋದಲ್ಲಿ ಅದು ರೆಕಾರ್ಡ್ ಆಗಿರುತ್ತದೆ, ಮೆಕ್ಯಾನಿಕ್‌ಗೆ ಅದನ್ನೇ ತೋರಿಸಿದರಾಯಿತು. ಹಂಗೇ ಲಿಫ್ಟಿನೊಳಗಿನ ತುರ್ತು ಫೋನ್ ನಂಬರ್ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇದೆಯೋ, ಆ ನಂಬರಿಗೆ ಕರೆ ಮಾಡಿದರೆ ಎತ್ತೋರು ಯಾರು ಅನ್ನೋದನ್ನ ಇವತ್ತೇ ಒಮ್ಮೆ ಡಯಲ್ ಮಾಡಿ ನೋಡಿ.